ಮೂರು ಗ್ರಾಂ ಸೆಲ್ಲು, ಐವತ್ತು ಸಾವಿರ ಗಂಟೆ

ಕಾರಿನ ಕೀಲಿಯ ಗುಂಡಿ ಒತ್ತಿದರೆ ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಸೆಲ್ ಹೋಗಿರಬೇಕೆಂದು ಗಡಿಯಾರ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಯಾರದೋ ವಾಚಿನ ಹೊಟ್ಟೆ ಬಗೆಯುತ್ತಿದ್ದರು. "ಹತ್ತು ನಿಮಿಷ ಕೂತ್ಕೊಳ್ಳಿ ಸಾರ್" ಎಂದವರೇ ಬಿಲ್ಲೆ ಸೆಲ್ಲುಗಳ ಒಂದು ಪಟ್ಟಿಯನ್ನು ತೆಗೆದು ಮುಂದಿಟ್ಟರು. ಸಿಆರ್ 2032. ಹೆಸರೇ ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹೊಸ ಒಂದು ರೂಪಾಯಿ ನಾಣ್ಯದಷ್ಟೇ ಅಗಲ. ತೂಕ ಮೂರು ಗ್ರಾಂ.

ನನ್ನ ಕೀಲಿಯಲ್ಲಿ ಈ ಸೆಲ್ಲು ದಿನಕ್ಕೆ ನಾಲ್ಕಾರು ಸೆಕೆಂಡು ದುಡಿದು, ಎರಡು ವರ್ಷಕ್ಕೆ ಕೈಚೆಲ್ಲಿತ್ತು. ಇದೇ ಸೆಲ್ಲು ಇನ್ನೊಂದು ಕಡೆ, ಹಗಲೂ ರಾತ್ರಿ ಒಂದು ಕ್ಷಣವೂ ಆರಿಸದೆ, ಐವತ್ತು ಸಾವಿರ ಗಂಟೆ ದೀಪ ಉರಿಸುತ್ತದೆ. ಆ ಇನ್ನೊಂದು ಕಡೆಯ ಹೆಸರು ರೆಡ್ ಡಾಟ್ ಸೈಟ್. (ಸೈಟ್ ಅಂದ ಕೂಡಲೇ ಮೂವತ್ತು–ನಲವತ್ತೋ, ಖಾತೆ ಆಗಿದೆಯೋ ಎಂದು ಕಿವಿ ನಿಮಿರಿಸುವ ಬೆಂಗಳೂರಿಗರು ಕ್ಷಮಿಸಬೇಕು. ಇದು ರೈಫಲ್ ನೆತ್ತಿಯ ಮೇಲೆ ಕೂರುವ, ಗುರಿ ಹಿಡಿಯುವ ಗಾಜು.) ಅದರೊಳಗೆ ಕಣ್ಣಿಟ್ಟರೆ ಎದುರಿನ ದೃಶ್ಯದ ಮೇಲೆ ಒಂದು ಕೆಂಪು ಚುಕ್ಕಿ ತೇಲುತ್ತದೆ. ನೂರು ಮೀಟರ್ ದೂರದಲ್ಲಿ ಅದು ಮುಚ್ಚುವುದು ಆರು ಸೆಂಟಿಮೀಟರ್ ಅಗಲ, ಒಂದು ಸಣ್ಣ ಮೂಸಂಬಿಯಷ್ಟು. ಚುಕ್ಕಿ ಎಲ್ಲಿದೆಯೋ ಗುಂಡು ಅಲ್ಲಿಗೆ.

ಐವತ್ತು ಸಾವಿರ ಗಂಟೆ ಎಂದರೆ ಐದು ವರ್ಷ ಎಂಟು ತಿಂಗಳು. ಮಗುವನ್ನು ಎಲ್‌ಕೆಜಿಗೆ ಸೇರಿಸಿದ ದಿನ ಚುಕ್ಕಿ ಹೊತ್ತಿಸಿಟ್ಟರೆ, ಅದು ನಾಲ್ಕನೇ ಕ್ಲಾಸಿನ ವಾರ್ಷಿಕ ಪರೀಕ್ಷೆಗೆ ಓದುವಾಗಲೂ ಚುಕ್ಕಿ ಇರುತ್ತದೆ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ತನ್ನ ಮೈಕ್ರೋ ಸೈಟಿಗೆ ಕೊಡುವ ಲೆಕ್ಕ ಇದು, ಅದೂ ಸಾಮಾನ್ಯ ಹಗಲಿಗೆ ಸಾಕಾಗುವ ಬೆಳಕಿನ ಮಟ್ಟದಲ್ಲಿ. ಇಂಥ ಎಲೆಕ್ಟ್ರಾನಿಕ್ ಚುಕ್ಕಿಯನ್ನು 1975ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದೂ ಅವರೇ. ಅದರ ಹಿಂದಿರುವ ಕನ್ನಡಿಯ ಉಪಾಯ ಇನ್ನೂ ಹಳತು. 1900ರಲ್ಲಿ ಅದಕ್ಕೆ ಪೇಟೆಂಟ್ ಪಡೆದವರು ಡಬ್ಲಿನ್ನಿನ ಹೊವಾರ್ಡ್ ಗ್ರಬ್. ಅವರ ಕಸುಬು ದೂರದರ್ಶಕ ಕಟ್ಟುವುದು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಇಂಚಿನ ದೂರದರ್ಶಕ ಗ್ರಬ್ ಕಾರ್ಖಾನೆಯದೇ.

ನನಗೆ ತಲೆ ತಿರುಗಿದ್ದು ಭಾಗಾಕಾರ ಮಾಡಿದಾಗ. ಈ ಸೆಲ್ಲಿನ ಒಟ್ಟು ದಾಸ್ತಾನು ಸುಮಾರು 225 ಮಿಲಿಆಂಪ್–ಗಂಟೆ. ಐವತ್ತು ಸಾವಿರದಿಂದ ಭಾಗಿಸಿದರೆ ಸಿಗುವುದು ನಾಲ್ಕೂವರೆ ಮೈಕ್ರೋಆಂಪ್, ಅಂದರೆ ಒಂದು ಆಂಪಿನ ಹತ್ತು ಲಕ್ಷದಲ್ಲಿ ನಾಲ್ಕೂವರೆ ಪಾಲು. ಮೂರು ವೋಲ್ಟಿನಿಂದ ಗುಣಿಸಿದರೆ 13.5 ಮೈಕ್ರೋವಾಟ್. ಒಂದು ಹಳೇ ಅರವತ್ತು ವಾಟಿನ ಬಲ್ಬು ಆರಿಸಿದರೆ ಉಳಿಯುವ ಶಕ್ತಿಯಲ್ಲಿ ನಲವತ್ನಾಲ್ಕು ಲಕ್ಷ ಸೈಟುಗಳು ಉರಿಯುತ್ತವೆ. ನಮ್ಮ ಭೂಸೇನೆಯಲ್ಲಿ ಸುಮಾರು ಹನ್ನೆರಡು ಲಕ್ಷ ಮಂದಿ. ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟರೂ ಇಡೀ ಸೇನೆಯ ಚುಕ್ಕಿಗಳಿಗೆ ಬೇಕಾಗುವುದು ಹದಿನಾರು ವಾಟ್. ಅಡುಗೆಮನೆಯ ಎಲ್‌ಇಡಿ ಟ್ಯೂಬ್‌ಲೈಟು ಇದಕ್ಕಿಂತ ಹೆಚ್ಚು ತಿನ್ನುತ್ತದೆ. ಇನ್ನು ಕರೆಂಟ್ ಬಿಲ್ಲಿನಲ್ಲಿ ಬರುವ ಒಂದೇ ಒಂದು ಯೂನಿಟ್ಟನ್ನು ಒಂದು ಸೈಟಿಗೆ ಕೊಟ್ಟರೆ ಅದು ಎಂಟು ಸಾವಿರದ ನಾನೂರು ವರ್ಷ ಉರಿಯುತ್ತದೆ. ಹರಪ್ಪದಲ್ಲಿ ಮೊದಲ ಇಟ್ಟಿಗೆ ಸುಡುವುದಕ್ಕಿಂತ ಸಾವಿರಾರು ವರ್ಷ ಮುಂಚೆ ಹೊತ್ತಿಸಿದ್ದರೆ ಈಗ ಆರುವ ಹೊತ್ತು.

ಹಾಗಂತ ನಾಲ್ಕೂವರೆ ಮೈಕ್ರೋಆಂಪ್ ಅಂದರೆ ಏನೂ ಅಲ್ಲ ಅನ್ನುವಂತಿಲ್ಲ. ಪ್ರತಿ ಸೆಕೆಂಡಿಗೆ ಇಪ್ಪತ್ತೆಂಟು ಲಕ್ಷ ಕೋಟಿ ಎಲೆಕ್ಟ್ರಾನುಗಳು ಆ ತಂತಿಯಲ್ಲಿ ಹಾದುಹೋಗುತ್ತಿರುತ್ತವೆ. ಐದು ವರ್ಷ ಎಂಟು ತಿಂಗಳು ಈ ಮೆರವಣಿಗೆ ನಡೆಸಲು ಕರಗುವ ಲಿಥಿಯಂ ಎಷ್ಟು? ಅರವತ್ತು ಮಿಲಿಗ್ರಾಂ. ಮೂರ್ನಾಲ್ಕು ಅಕ್ಕಿಕಾಳಿನ ತೂಕ.

ಇಷ್ಟು ಜಿಪುಣತನ ಸಾಧ್ಯವಾದದ್ದು ಹೇಗೆಂದರೆ, ಈ ದೀಪ ಯಾವುದನ್ನೂ ಬೆಳಗುವುದಿಲ್ಲ. ಟಾರ್ಚಿನ ಬೆಳಕು ಮರಕ್ಕೆ, ಮುಖಕ್ಕೆ ಬಡಿದು, ಚೆದುರಿ, ಉಳಿದ ಚೂರುಪಾರು ನಮ್ಮ ಕಣ್ಣಿಗೆ ಬರಬೇಕು. ಇಲ್ಲಿ ಹಾಗಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಎಲ್‌ಇಡಿ ಮುಂದಿನ ಬಾಗುಗಾಜಿಗೆ ಬೆಳಕು ಬಿಡುತ್ತದೆ. ಗಾಜಿನ ಲೇಪ ಆ ಒಂದು ಬಗೆಯ ಕೆಂಪನ್ನು ಮಾತ್ರ ಹಿಂದಿರುಗಿಸಿ, ಮಿಕ್ಕ ಬಣ್ಣಗಳಿಗೆ ದಾರಿ ಬಿಡುತ್ತದೆ. ಮರಳಿದ ಕಿರಣಗಳು ಸಮಾಂತರವಾಗಿ ನೇರ ಪಾಪೆಗೆ. ಒಬ್ಬನೇ ಪ್ರೇಕ್ಷಕನಿಗೆ, ಮೂರು ಮಿಲಿಮೀಟರ್ ಕಿಟಕಿಯಲ್ಲಿ ನಡೆಯುವ ನಾಟಕ.

ಇದರ ದಾಯಾದಿಗಳು ಹೀಗಲ್ಲ. ಕತ್ತಲಲ್ಲಿ ಮೈಶಾಖ ನೋಡುವ ಥರ್ಮಲ್ ಸೈಟ್ ತೆಗೆದುಕೊಳ್ಳಿ. ಬೆಂಗಳೂರಿನ ಟೋನ್ಬೋ ಇಮೇಜಿಂಗ್ ಇಂಥವನ್ನೇ ತಯಾರಿಸುತ್ತದೆ. ಅದರಲ್ಲಿ 640 ಅಡ್ಡ, 480 ಉದ್ದ, ಒಟ್ಟು 3,07,200 ಶಾಖದ ಕಣ್ಣುಗಳಿದ್ದರೆ, ಸೆಕೆಂಡಿಗೆ ಹತ್ತಾರು ಸಲ ಅಷ್ಟನ್ನೂ ಓದಿ ಚಿತ್ರ ಬಿಡಿಸಿ ಪರದೆ ಬೆಳಗಬೇಕು. ಒಂದು ವಾಟ್ ಎಂದಿಟ್ಟುಕೊಂಡರೂ ಅದು ಕೆಂಪು ಚುಕ್ಕಿಯ ಎಪ್ಪತ್ನಾಲ್ಕು ಸಾವಿರ ಪಟ್ಟು. ನಮ್ಮ ಬಿಲ್ಲೆ ಅದನ್ನು ನಲವತ್ತು ನಿಮಿಷ ಓಡಿಸೀತು. ಅದೂ ಕಾಗದದ ಮೇಲೆ ಮಾತ್ರ. ಅಷ್ಟು ಕರೆಂಟನ್ನು ಒಮ್ಮೆಲೇ ಕಕ್ಕಲು ಅದಕ್ಕೆ ಶಕ್ತಿಯಿಲ್ಲ.

1997ರಲ್ಲಿ ಅಮೆರಿಕದ ಭೂಸೇನೆ ಏಮ್‌ಪಾಯಿಂಟಿನಿಂದ ಒಂದು ಲಕ್ಷ ಸೈಟು ಕೊಂಡಿತು. ಇವತ್ತಿನ ಐವತ್ತು ಸಾವಿರ ಗಂಟೆಯವೇ ಒಂದು ಲಕ್ಷ ಇವೆ, ಒಂದೊಂದಕ್ಕೂ ಬೇರೆ ಬೇರೆ ದಿನ ಸೆಲ್ ಹಾಕಿದ್ದಾರೆ, ಯಾರೂ ಆರಿಸುವುದಿಲ್ಲ ಎಂದುಕೊಳ್ಳಿ. ಎಲ್ಲವೂ ಸರಿಯಾಗಿದ್ದರೂ ದಿನಕ್ಕೆ ಸರಾಸರಿ ನಲವತ್ತೆಂಟು ಚುಕ್ಕಿಗಳು ಎಲ್ಲೋ ಒಂದು ಕಡೆ ಕಣ್ಣು ಮುಚ್ಚುತ್ತವೆ. ಯಾರ ರೈಫಲ್ಲಿನದು ಎಂದು ಮುಂಚೆ ತಿಳಿಯುವುದು ಕಷ್ಟ. ಲಿಥಿಯಂ ಬಿಲ್ಲೆಯ ವೋಲ್ಟೇಜು ಟಾರ್ಚ್ ಸೆಲ್ಲಿನ ಹಾಗೆ ಮೆಲ್ಲಮೆಲ್ಲನೆ ಇಳಿಯುವುದಿಲ್ಲ. ಬಹುಪಾಲು ಆಯಸ್ಸು ಮೂರು ವೋಲ್ಟಿನ ಆಸುಪಾಸಿನಲ್ಲೇ ಗಟ್ಟಿಯಾಗಿ ನಿಂತು, ಕಡೆಗೆ ದಬಕ್ಕನೆ ಬೀಳುತ್ತದೆ. ಅದಕ್ಕೇ ಬುದ್ಧಿವಂತರು ಐದು ವರ್ಷದ ಮಾತನ್ನು ಕೇಳಿ ತಲೆಯಾಡಿಸಿ, ವರ್ಷಕ್ಕೊಮ್ಮೆ ಒಂದು ನಿಗದಿತ ದಿನ ಸೆಲ್ ಬದಲಿಸಿಬಿಡುತ್ತಾರೆ.

ಆದರೆ ನನ್ನ ಅನುಮಾನ ಬೇರೆ. ದೊಡ್ಡ ಸಂಖ್ಯೆಗಳೆಲ್ಲ ಸೆಲ್ಲಿನ ಒಳಗಿನವು. ಕೆಡುವುದು ಹೆಚ್ಚಾಗಿ ಹೊರಗೆ. ನಾಲ್ಕು ಗ್ರಾಂ ಗುಂಡು ಸೆಕೆಂಡಿಗೆ 900 ಮೀಟರ್ ವೇಗ ಪಡೆದು ನಳಿಗೆ ಬಿಡಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. ಅಷ್ಟರಲ್ಲಿ ಮೂರೂವರೆ ಕಿಲೋ ರೈಫಲ್ ಹಿಂದಕ್ಕೆ ಸೆಕೆಂಡಿಗೆ ಒಂದು ಮೀಟರ್ ವೇಗ ಪಡೆದಿರುತ್ತದೆ. ಭೂಮಿಯ ಸೆಳೆತದ ನೂರು ಪಟ್ಟು ಒದೆತ ಅದು. ಮದ್ದಿನ ಅನಿಲದ ಪಾಲು, ಬೋಲ್ಟಿನ ಬಡಿತ ನಾನು ಸೇರಿಸಿಲ್ಲ. ಆ ಗಳಿಗೆಯಲ್ಲಿ ಮೂರು ಗ್ರಾಂ ಬಿಲ್ಲೆ ಮುನ್ನೂರು ಗ್ರಾಂ ತೂಗುತ್ತದೆ. ಕೆಲವು ಸೈಟುಗಳು ಗೋಡೆ ಗಡಿಯಾರಕ್ಕೆ ಹಾಕುವ ಡಬಲ್ ಎ ಸೆಲ್ಲನ್ನು ಬೇಡುತ್ತವೆ. ಇಪ್ಪತ್ಮೂರು ಗ್ರಾಮಿನ ಅದು ಎರಡು ಕಿಲೋ ಮುನ್ನೂರು ಗ್ರಾಮಿನ ಕಲ್ಲಾಗಿ ಸ್ಪ್ರಿಂಗಿನ ಮೇಲೆ ಕೂರುತ್ತದೆ, ಒಂದೇ ಸಮನೆ ಹಾರಿಸಿದರೆ ಸೆಕೆಂಡಿಗೆ ಹನ್ನೆರಡು ಸಲ. ಸ್ಪ್ರಿಂಗ್ ಕೂದಲೆಳೆಯಷ್ಟು ಸೋತು ಹಿಂದೆ ಸರಿದರೆ, ಒಳಗೆ ವರ್ಷಗಟ್ಟಲೆಯ ದಾಸ್ತಾನಿದ್ದರೂ ಚುಕ್ಕಿ ಮಾಯ.

ಚಳಿಯದು ಇನ್ನೊಂದು ಕಥೆ. ಸಾಮಾನ್ಯ ಆಲ್ಕಲೈನ್ ಸೆಲ್ಲಿನೊಳಗೆ ನೀರಿನಲ್ಲಿ ಕರಗಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಅದು ಜಡವಾಗುತ್ತದೆ. ಸಿಆರ್ 2032 ಮೂವತ್ತು ಕೆಳಗಿನ ತನಕ, ಲಿಥಿಯಂ ಡಬಲ್ ಎ ನಲವತ್ತರ ತನಕ. ಸಿಯಾಚಿನ್‌ನಲ್ಲಿ ಉಷ್ಣತೆ ಐವತ್ತು ಕೆಳಗೆ ಇಳಿಯುವುದುಂಟು. ಅಂಥ ಕಡೆ ಬದಲಿ ಸೆಲ್ಲಿಗೆ ಸರಿಯಾದ ಜಾಗ ಮೈಗಂಟಿದ ಒಳಜೇಬು.

ಬಿಸಿನಾಡಿನಲ್ಲಿ ಸುಮ್ಮನೆ ಇಟ್ಟರೂ ಕಾಟ ತಪ್ಪಿದ್ದಲ್ಲ. ನಮ್ಮ ಮಲೆನಾಡಿನ ಕಡೆ ಬ್ಯಾಟ್ರಿ ಅಂದರೆ ಟಾರ್ಚು, ಒಳಗಿನದು ಸೆಲ್ಲು. ಮಳೆಗಾಲ ಕಳೆದು ಅಜ್ಜನ ಬ್ಯಾಟ್ರಿಯ ಹಿಂಬದಿ ತಿರುಪಿದರೆ ಕೆಲವೊಮ್ಮೆ ತಿರುಗುತ್ತಲೇ ಇರಲಿಲ್ಲ. ಬಲವಂತಕ್ಕೆ ತೆರೆದರೆ ಸ್ಪ್ರಿಂಗಿನ ತುಂಬ ಬೂಷ್ಟಿನಂಥ ಪುಡಿ. ಎಷ್ಟೋ ಲಕ್ಷ ಬೆಲೆಯ ಸೈಟಿನೊಳಗೂ ಸೋರಿದ ಸೆಲ್ಲು ಮಾಡುವ ಕೆಲಸ ಅದೇ. ಈಚೆಗೆ ಇದಕ್ಕೊಂದು ಹೊಸ ಸೇರ್ಪಡೆ: ಮಕ್ಕಳು ನುಂಗದಿರಲೆಂದು ಕೆಲವು ಕಂಪನಿಗಳು ಬಿಲ್ಲೆಗೆ ಬೇವನ್ನೂ ಮೀರಿಸುವ ಕಹಿ ಲೇಪ ಬಳಿಯುತ್ತವೆ. ಲೇಪ ಬಿದ್ದ ಜಾಗವೂ ಸಾಧನದ ಲೋಹದ ನಾಲಿಗೆ ಮುಟ್ಟುವ ಜಾಗವೂ ಒಂದೇ ಆದರೆ ಕರೆಂಟ್ ಹರಿಯುವುದಿಲ್ಲ. 2021ರಲ್ಲಿ ಆಪಲ್ ತನ್ನ ಏರ್‌ಟ್ಯಾಗಿಗೆ ಇಂಥ ಸೆಲ್ಲು ಕೈಕೊಡಬಹುದೆಂದು ಎಚ್ಚರಿಸಿತ್ತು. ಮಗುವಿನ ಜೀವ ಕಾಯುವ ಲೇಪವನ್ನು ದೂರುವ ಮನಸ್ಸಿಲ್ಲ, ಆದರೆ ಗುರಿ ಹಿಡಿದವನ ಚುಕ್ಕಿಗೂ ಅದೇ ಬಿಲ್ಲೆ.

ಹತ್ತು ನಿಮಿಷ ಇಪ್ಪತ್ತೈದಾಗಿತ್ತು. ಅಂಗಡಿಯವರು ನನ್ನ ಕೀಲಿ ಬಿಚ್ಚಿ ಹಳೇ ಸೆಲ್ಲು ಹೊರತೆಗೆದು ಮೀಟರಿಗೆ ಹಿಡಿದರು. ಮೂರು ವೋಲ್ಟ್. "ಇದನ್ನ ನಂಬೋಕಾಗಲ್ಲ" ಎಂದು ತಾವೇ ಹೇಳಿಕೊಂಡು, ಒಳಗಿನ ತಗಡಿನ ನಾಲಿಗೆಯನ್ನು ಚಿಮಟದ ತುದಿಯಿಂದ ಒಂದು ಭತ್ತದ ಮುಳ್ಳಿನಷ್ಟು ಮೇಲಕ್ಕೆತ್ತಿ, ಅದೇ ಸೆಲ್ಲನ್ನು ಮತ್ತೆ ಕೂರಿಸಿ ನನ್ನ ಕೈಗಿಟ್ಟರು. ಒತ್ತಿದೆ. ರಸ್ತೆಯಾಚೆ ಕಾರು ಎರಡು ಸಲ ಕಣ್ಣು ಮಿಟುಕಿಸಿತು. "ಸೆಲ್ ಬೇಡ ಸಾರ್" ಎಂದು ಪಟ್ಟಿಯನ್ನು ಡ್ರಾಯರಿಗೆ ಹಾಕಿ, "ಕೈಕೂಲಿ ಇಪ್ಪತ್ತು ಕೊಡಿ" ಅಂದರು.