ಒಂದು ಕರೆ, ಇಪ್ಪತ್ಮೂರು ಲಕ್ಷ

ದೆಹಲಿಯ ಚಾಣಕ್ಯಪುರಿ ಎಂದರೆ ರಾಯಭಾರ ಕಚೇರಿಗಳ ಬಡಾವಣೆ. ಶಾಂತಿಪಥದ ಉದ್ದಕ್ಕೂ ದೇಶದೇಶಗಳ ಬಾವುಟ, ಗೇಟುಗಳಲ್ಲಿ ಕಾವಲು. ಅದೇ ಬಡಾವಣೆಯ ಕೌಟಿಲ್ಯ ಮಾರ್ಗದಲ್ಲಿ ಕರ್ನಾಟಕ ಭವನವಿದೆ. ಕಡತ ಹಿಡಿದು ಬಂದ ಅಧಿಕಾರಿಗಳು, ಏಮ್ಸ್‌ನಲ್ಲಿ ರೋಗಿಯನ್ನು ಸೇರಿಸಿ ಎರಡು ತುತ್ತು ಅನ್ನ-ಸಾರು ಹುಡುಕಿಕೊಂಡು ಬಂದವರು, ವೀಸಾ ಕೆಲಸಕ್ಕೆ ಬಂದವರು, ಎಲ್ಲರಿಗೂ ಈ ಬೀದಿಗಳ ಪರಿಚಯವಿದೆ. ಬೇಸಿಗೆ ಬಂತೆಂದರೆ ಕೇದಾರ-ಬದರಿಗೆ ಹೊರಟ ಕನ್ನಡಿಗರಿಗೂ ದೆಹಲಿಯೇ ಹೆಬ್ಬಾಗಿಲು. ಇವರಲ್ಲಿ ಹೆಚ್ಚಿನವರು ವಿಮಾನ, ಕೋಣೆ, ಟ್ಯಾಕ್ಸಿ ಎಲ್ಲಕ್ಕೂ ಊರಲ್ಲೇ ಕೂತು ಮೊಬೈಲಿನಲ್ಲಿ ದುಡ್ಡು ಕಟ್ಟಿ ಬಂದಿರುತ್ತಾರೆ.

ಅಲ್ಲೇ ಕಳ್ಳರು ಬಲೆ ಹಾಸುತ್ತಾರೆ. 2025ರ ಏಪ್ರಿಲ್‌ನಲ್ಲಿ, ಚಾರ್‌ಧಾಮ್ ಯಾತ್ರೆ ಶುರುವಾಗುವ ಹೊತ್ತಿಗೆ, ಕೇಂದ್ರ ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ ಒಂದು ಎಚ್ಚರಿಕೆ ಹೊರಡಿಸಿತು. ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್, ಯಾತ್ರಿಕರ ಅತಿಥಿಗೃಹ, ಟ್ಯಾಕ್ಸಿ, ಹೋಟೆಲ್ ಹೆಸರಿನಲ್ಲಿ ನಕಲಿ ವೆಬ್‌ಸೈಟುಗಳು, ಫೇಸ್‌ಬುಕ್ ಪುಟಗಳು, ಗೂಗಲ್ ಜಾಹೀರಾತುಗಳು ಎದ್ದಿವೆ. ದುಡ್ಡು ಬಿದ್ದ ಮೇಲೆ ಆ ಕಡೆಯ ಫೋನ್ ಸತ್ತುಹೋಗುತ್ತದೆ ಎಂಬುದು ಅದರ ಸಾರ. ಕೇದಾರನಾಥದ ಹೆಲಿಕಾಪ್ಟರಿಗೆ ಅಧಿಕೃತವಾಗಿ ಟಿಕೆಟ್ ಸಿಗುವುದು ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣದಲ್ಲಿ ಮಾತ್ರ. ಇದು ಗೊತ್ತಿಲ್ಲದವರು ಗೂಗಲ್‌ನಲ್ಲಿ ಹುಡುಕಿ, ಎಲ್ಲಕ್ಕಿಂತ ಮೇಲೆ ಬಂದದ್ದನ್ನೇ ಒತ್ತುತ್ತಾರೆ. ಆ ಮೇಲಿನ ಜಾಗವನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಕಳ್ಳನೂ ಕೊಳ್ಳಬಹುದು ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಸೈಬರ್ ವಂಚನೆಯಲ್ಲಿ ದೇಶದ ಜನ 2023ರಲ್ಲಿ ಕಳೆದುಕೊಂಡದ್ದು 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿಗೆ ಏರಿತು ಎಂದು ಗೃಹ ಸಚಿವಾಲಯವೇ ಲೋಕಸಭೆಗೆ ತಿಳಿಸಿದೆ.

ಅಚ್ಚರಿಯೆಂದರೆ, ಇಷ್ಟು ವರ್ಷಗಳಲ್ಲಿ ಕಾರ್ಡಿಗೆ ಬಿಗಿಯಾದ ಬೀಗಗಳೇ ಬಿದ್ದಿವೆ. 2009ರಿಂದಲೇ ಭಾರತದಲ್ಲಿ ಆನ್‌ಲೈನ್ ಖರೀದಿಗೆ ಕಾರ್ಡಿನ ಮೇಲಿನ ಸಂಖ್ಯೆಗಳಷ್ಟೇ ಸಾಲದು, ಪಾಸ್‌ವರ್ಡೋ ಒಟಿಪಿಯೋ ಬೇಕು. ಹಿಂಬದಿಯ ಕಪ್ಪು ಕಾಂತಪಟ್ಟಿಯನ್ನಷ್ಟೇ ನಂಬಿದ್ದ ಹಳೇ ಕಾರ್ಡುಗಳು ಹೋಗಿ ಚಿಪ್ ಬಂತು. 2022ರ ಅಕ್ಟೋಬರ್ 1ರಿಂದ ಅಂಗಡಿ ತಾಣಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಟೋಕನ್ ಎಂಬ ಗುರುತು ಸಂಖ್ಯೆ ಮಾತ್ರ ಇರುತ್ತದೆ. ಆ ಟೋಕನ್ ಕದ್ದರೂ ಬೇರೆ ಕಡೆ ಅದು ನಡೆಯುವುದಿಲ್ಲ. ಬೀಗ ಒಡೆಯುವುದು ಕಷ್ಟವಾದಾಗ ಕಳ್ಳ ಹಿಡಿದ ದಾರಿ ಬೇರೆ: ಮನೆಯವರ ಕೈಯಿಂದಲೇ ಬಾಗಿಲು ತೆಗೆಸುವುದು.

ಇದಕ್ಕೆ ದೊಡ್ಡವರು, ಓದಿದವರು ಎಂಬ ಭೇದವಿಲ್ಲ. 2019ರಲ್ಲಿ ಪಟಿಯಾಲಾದ ಸಂಸದೆ ಪ್ರಣೀತ್ ಕೌರ್ ಸಂಸತ್ ಅಧಿವೇಶನಕ್ಕಾಗಿ ದೆಹಲಿಯಲ್ಲಿದ್ದರು. ವಿದೇಶಾಂಗ ಇಲಾಖೆಯಲ್ಲಿ ರಾಜ್ಯ ಸಚಿವೆಯಾಗಿದ್ದವರು, ಆಗಿನ ಪಂಜಾಬ್ ಮುಖ್ಯಮಂತ್ರಿ ಅಮರಿಂದರ್ ಸಿಂಗ್ ಅವರ ಪತ್ನಿ. ಅವರಿಗೊಂದು ಕರೆ ಬಂತು. ಆ ಕಡೆಯವನು ಬ್ಯಾಂಕ್ ಮ್ಯಾನೇಜರ್ ಎಂದ. ನಿಮ್ಮ ಸಂಬಳ ಜಮಾ ಮಾಡಬೇಕು, ವಿವರ ಹೇಳಿ ಎಂದ. ಸಂಬಳದ ಮಾತು ಸಹಜವಾಗಿಯೇ ಇತ್ತು. ಕಾರ್ಡಿನ ವಿವರ, ಹಿಂಬದಿಯ ಮೂರಂಕಿಯ ಸಿವಿವಿ, ಕೊನೆಗೆ ಒಟಿಪಿ. 23 ಲಕ್ಷ ರೂಪಾಯಿ ಹೋಯಿತು. ಕರೆ ಮಾಡಿದವನನ್ನು ಹುಡುಕುತ್ತಾ ಪೊಲೀಸರು ತಲುಪಿದ್ದು ಜಾರ್ಖಂಡಿಗೆ.

ಇಂಥ ಕರೆಯಲ್ಲಿ ಬಣ್ಣ ಬದಲಾಗುತ್ತದೆ, ಎಲುಬು ಒಂದೇ. ಮೊದಲು ನಂಬುವಂಥ ಒಂದು ಮಾತು, ಆಮೇಲೆ ಅವಸರ, ಕೊನೆಗೆ ನಿಮ್ಮ ಕೈಯಿಂದಲೇ ಆಗಬೇಕಾದ ಒಂದು ಸಣ್ಣ ಕೆಲಸ. ಆ ಸಣ್ಣ ಕೆಲಸ ಏನು ಮಾಡುತ್ತದೆ ಎಂದು ತಿಳಿದುಕೊಂಡರೆ ಅರ್ಧ ಗೆದ್ದಂತೆ.

2025ರ ಸೆಪ್ಟೆಂಬರ್ 15ರಂದು ಬೆಂಗಳೂರಿನಲ್ಲಿ ನಡೆದದ್ದನ್ನೇ ನೋಡಿ. ನಟ ಉಪೇಂದ್ರ ಅವರ ಪತ್ನಿ, ನಟಿ ಪ್ರಿಯಾಂಕಾ ಆನ್‌ಲೈನಿನಲ್ಲಿ ಯಾವುದೋ ವಸ್ತು ತರಿಸಿದ್ದರು. ಡೆಲಿವರಿಯವರೆಂದು ಹೇಳಿಕೊಂಡು ಕರೆ ಬಂತು. ಸ್ಟಾರ್, ಹ್ಯಾಶ್ ಸೇರಿದ ಒಂದು ಸಂಖ್ಯೆ ಒತ್ತಿ ಎಂದರು. ಪಾರ್ಸಲ್ ನಿಜಕ್ಕೂ ಬರಬೇಕಿತ್ತು, ಹಾಗಾಗಿ ಅನುಮಾನ ಬರಲಿಲ್ಲ. ಒತ್ತಿದ ಮೇಲೆ ಅವರ ವಾಟ್ಸಾಪ್ ಕಳ್ಳರ ಪಾಲಾಯಿತು. ಬಂಧು-ಮಿತ್ರರಿಗೆ ಅವರ ಹೆಸರಿನಲ್ಲೇ "ಅರ್ಜೆಂಟ್ ಹಣ ಬೇಕು" ಎಂಬ ಸಂದೇಶಗಳು ಹೋದವು, ನಂಬಿ ಕೆಲವರು ಕಳಿಸಿಯೂ ಬಿಟ್ಟರು.

ಆ ಸ್ಟಾರ್-ಹ್ಯಾಶ್ ಸಂಖ್ಯೆಯ ಗುಟ್ಟು ಇಷ್ಟೇ: ಅದು ಕಾಲ್ ಫಾರ್ವರ್ಡಿಂಗ್ ಆದೇಶ. ಸ್ಟಾರ್ ಒತ್ತಿ 21, 61 ಅಥವಾ 67 ಎಂದು ಶುರುಮಾಡಿ, ಮುಂದೆ ಒಂದು ಮೊಬೈಲ್ ನಂಬರ್ ಸೇರಿಸಿ ಹ್ಯಾಶ್ ಒತ್ತಿಸುತ್ತಾರೆ. ಆ ನಂಬರ್ ಕಳ್ಳನದು. ಅಲ್ಲಿಂದಾಚೆ ನಿಮಗೆ ಬರಬೇಕಾದ ಕರೆಗಳು ಅವನಿಗೆ ಹೋಗುತ್ತವೆ. ವಾಟ್ಸಾಪ್ ದೃಢೀಕರಣದ ಸಂಖ್ಯೆಯನ್ನು ಕರೆಯ ಮೂಲಕ ಕೇಳಿಸಿಕೊಳ್ಳುವ ಅವಕಾಶವಿದೆ; ಕೆಲವು ಬ್ಯಾಂಕುಗಳ ಖಚಿತಪಡಿಸುವ ಕರೆಗಳೂ ಹೀಗೇ ಬರುತ್ತವೆ. ಎಲ್ಲವೂ ಅವನ ಕಿವಿಗೇ ಬೀಳುತ್ತವೆ. ಇದನ್ನು ರದ್ದು ಮಾಡಲು ಎರಡು ಸಲ ಹ್ಯಾಶ್, 002, ಮತ್ತೊಂದು ಹ್ಯಾಶ್ ಒತ್ತಿ ಕರೆ ಗುಂಡಿ ಅದುಮಿದರೆ ಸಾಕು. ಎಲ್ಲ ಫಾರ್ವರ್ಡಿಂಗೂ ಹೋಗುತ್ತದೆ. ಮನೆಯ ಹಿರಿಯರ ಫೋನಿನಲ್ಲಿ ಇದನ್ನು ಒಮ್ಮೆ ಒತ್ತಿ ನೋಡುವುದು ಒಳ್ಳೆಯದು.

ಇನ್ನೊಂದು ಸಣ್ಣ ಕೆಲಸ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದು. 2021ರ ಫೆಬ್ರುವರಿಯಲ್ಲಿ ದೆಹಲಿಯ ಯುವತಿಯೊಬ್ಬರು ಹಳೇ ಸೋಫಾ ಮಾರಲು ಆನ್‌ಲೈನಿನಲ್ಲಿ ಹಾಕಿದರು. ಕೊಳ್ಳುತ್ತೇನೆಂದವನು ಖಾತೆ ಸರಿಯಿದೆಯೇ ನೋಡುತ್ತೇನೆಂದು ಮೊದಲು ಸಣ್ಣ ಮೊತ್ತ ಹಾಕಿದ. ಅದು ಬಂದೂ ಬಂತು. ಉಳಿದದ್ದಕ್ಕೆ ಈ ಕೋಡ್ ಸ್ಕ್ಯಾನ್ ಮಾಡಿ ಎಂದ. ಎರಡು ಸಲದಲ್ಲಿ ಅವರ ಖಾತೆಯಿಂದಲೇ 34 ಸಾವಿರ ಹೋಯಿತು. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ. ಹಣ ಬರುವುದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ತರಕಾರಿ ಅಂಗಡಿಯಾಕೆ ದಿನವಿಡೀ ನೂರು ಜನರಿಂದ ಹಣ ಪಡೆಯುತ್ತಾರೆ, ಒಮ್ಮೆಯಾದರೂ ಪಿನ್ ಒತ್ತುತ್ತಾರೆಯೇ? ಈ ಉದಾಹರಣೆ ಹೇಳಿದರೆ ಯಾವ ಅಜ್ಜಿಗೂ ಕೂಡಲೇ ಅರ್ಥವಾಗುತ್ತದೆ.

ಇಂಥ ದಂಧೆ ಚಾಣಕ್ಯಪುರಿಯಿಂದ ದೂರವೇನೂ ಇಲ್ಲ. ಕಾರಿನಲ್ಲಿ ಒಂದೆರಡು ಗಂಟೆಯ ಹಾದಿ ಹರಿಯಾಣದ ನೂಹ್ ಜಿಲ್ಲೆ. 2023ರ ಏಪ್ರಿಲ್‌ನಲ್ಲಿ ಅಲ್ಲಿನ 14 ಹಳ್ಳಿಗಳ ಮೇಲೆ ಸುಮಾರು 5,000 ಪೊಲೀಸರು ಒಂದೇ ರಾತ್ರಿ ದಾಳಿ ಮಾಡಬೇಕಾಯಿತು.

ಹಾಗಾದರೆ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆ? ಬೇಡ, ಬೀಗ ಕಾರ್ಡಿನಲ್ಲೇ ಇದೆ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಫಲವಾಗಿ ಪ್ರತಿ ಬ್ಯಾಂಕಿನ ಆ್ಯಪ್‌ನಲ್ಲೂ ಕಾರ್ಡಿಗೆ ಬೇರೆ ಬೇರೆ ಸ್ವಿಚ್‌ಗಳಿವೆ: ಎಟಿಎಂ, ಅಂಗಡಿ, ಆನ್‌ಲೈನ್, ಮುಟ್ಟಿಸಿ ಪಾವತಿ, ವಿದೇಶ. ಒಂದೊಂದಕ್ಕೂ ದಿನದ ಮಿತಿ ಹಾಕಬಹುದು. ಬಹಳ ಜನ ಮರೆಯುವುದು ವಿದೇಶದ ಸ್ವಿಚ್ಚನ್ನು. ಎಷ್ಟೋ ವಿದೇಶಿ ತಾಣಗಳು ಒಟಿಪಿ ಕೇಳುವುದೇ ಇಲ್ಲ. ಕಾರ್ಡಿನ ಸಂಖ್ಯೆ, ಮುಗಿಯುವ ತಿಂಗಳು, ಸಿವಿವಿ ಇದ್ದರೆ ಹಣ ಎಳೆದುಬಿಡುತ್ತವೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವಾಗ ಆನ್ ಮಾಡಿದ ಸ್ವಿಚ್ಚು ಹಿಂತಿರುಗಿ ವರ್ಷವಾದರೂ ಆನ್ ಆಗಿಯೇ ಇರುತ್ತದೆ. ಆನ್‌ಲೈನ್ ಖರೀದಿಗೆಂದೇ ಸ್ವಲ್ಪ ದುಡ್ಡಿನ ಬೇರೊಂದು ಖಾತೆ ಇಟ್ಟುಕೊಳ್ಳುವವರಿದ್ದಾರೆ. ಬಹಳ ಜಾಣ ಅಭ್ಯಾಸ ಅದು. ಸೋರಿದರೂ ಕೊಡ ಮಾತ್ರ ಸೋರುತ್ತದೆ, ಬಾವಿ ಉಳಿಯುತ್ತದೆ.

ವಾಟ್ಸಾಪಿನಲ್ಲಿ ಬರುವ, ಹೆಸರಿನ ಕೊನೆಗೆ ಎಪಿಕೆ ಎಂದಿರುವ ಕಡತಗಳನ್ನಂತೂ ಮುಟ್ಟಲೇಬಾರದು. ಟ್ರಾಫಿಕ್ ದಂಡದ ಚಲನ್, ಮದುವೆ ಕರೆಯೋಲೆ ಎಂಬ ವೇಷದಲ್ಲಿ ಬಂದು ಅವು ಫೋನಿನೊಳಗೆ ಕೂತು ಒಟಿಪಿ ಸಂದೇಶಗಳನ್ನು ಓದುತ್ತವೆ.

ಇಷ್ಟಾದರೂ ಹಣ ಹೋಯಿತೆನ್ನಿ. ಆಗ ಮೊದಲ ಗಂಟೆಯೇ ಮುಖ್ಯ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಖಾತೆಗಳ ಸರಪಳಿಯಲ್ಲಿ ಒಂದರಿಂದ ಒಂದಕ್ಕೆ ಹಾರಿ, ಕೊನೆಗೆ ಯಾವುದೋ ಎಟಿಎಂನಿಂದ ನಗದಾಗಿ ಹೊರಬೀಳುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ವ್ಯವಹಾರದ ಸಂಖ್ಯೆ ಹೇಳಿದರೆ, ಆ ಸರಪಳಿಯ ಬ್ಯಾಂಕುಗಳಿಗೆಲ್ಲ ಸೂಚನೆ ಹೋಗಿ, ಇನ್ನೂ ಒಳಗಿರುವ ಹಣಕ್ಕೆ ತಡೆ ಬೀಳುತ್ತದೆ. 2025ರ ಮಧ್ಯದ ಹೊತ್ತಿಗೆ ಹೀಗೆ ಉಳಿದ ಮೊತ್ತ 5,400 ಕೋಟಿ ರೂಪಾಯಿ ದಾಟಿತ್ತು. ಜೊತೆಗೇ ಬ್ಯಾಂಕಿಗೂ ತಿಳಿಸಿ ಕಾರ್ಡ್ ನಿಲ್ಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು.

ಆ ಸಂಖ್ಯೆಗೆ ಬೆಲೆಯಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕರದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದಾಗ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ಒಟಿಪಿಯನ್ನು ತಾವೇ ಹೇಳಿಬಿಟ್ಟಿದ್ದರೆ ತಿಳಿಸುವವರೆಗಿನ ನಷ್ಟ ಅವರದೇ. ಆದರೆ ತಿಳಿಸಿದ ಗಳಿಗೆಯಿಂದಾಚೆ ಹೋದ ಪ್ರತಿ ರೂಪಾಯಿಗೂ ಬ್ಯಾಂಕ್ ಹೊಣೆ. ಬ್ಯಾಂಕ್ 30 ದಿನ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ವಿಚಾರಿಸಲು 14448 ಸಂಖ್ಯೆಯಿದೆ.

ಇಷ್ಟೆಲ್ಲ ಇದ್ದೂ ಎಷ್ಟೋ ಜನ ಆ ಮೊದಲ ಗಂಟೆಯನ್ನು ಕಳೆದುಕೊಳ್ಳುವುದು ನಾಚಿಕೆಯಿಂದ. ಮಗನಿಗೆ ಗೊತ್ತಾದರೆ ಬಯ್ಯುತ್ತಾನೆ, ಓಣಿಯಲ್ಲಿ ನಗುತ್ತಾರೆ ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಆದರೆ ಉಪೇಂದ್ರ ದಂಪತಿ ಮೋಸ ಹೋದ ದಿನವೇ ವಿಡಿಯೊ ಮಾಡಿ, ನಮ್ಮ ಹೆಸರಿನಲ್ಲಿ ಯಾರೇ ಹಣ ಕೇಳಿದರೂ ಕೊಡಬೇಡಿ ಎಂದು ಊರಿಗೆಲ್ಲ ಹೇಳಿದರು, ಪೊಲೀಸರಿಗೂ ದೂರು ಕೊಟ್ಟರು. ಬೀದರಿನಿಂದಲೋ ಮಡಿಕೇರಿಯಿಂದಲೋ ಬಂದು ದೆಹಲಿಯಲ್ಲಿ ಮೋಸ ಹೋದವರು ಊರು ಮುಟ್ಟುವವರೆಗೆ ಕಾಯಬೇಕಾಗಿಯೂ ಇಲ್ಲ. ವ್ಯಾಪ್ತಿ ಯಾವುದೇ ಇರಲಿ, ಹತ್ತಿರದ ಠಾಣೆಯಲ್ಲೇ ಝೀರೋ ಎಫ್‌ಐಆರ್ ದಾಖಲಿಸಲು ಕಾನೂನಿನಲ್ಲಿ ಅವಕಾಶವಿದೆ. ದೆಹಲಿಯಲ್ಲಿ 2021ರ ಡಿಸೆಂಬರ್‌ನಿಂದ ಪ್ರತಿ ಪೊಲೀಸ್ ಜಿಲ್ಲೆಗೂ ಒಂದು ಸೈಬರ್ ಠಾಣೆಯಿದೆ. ಚಾಣಕ್ಯಪುರಿಗೆ ನವದೆಹಲಿ ಜಿಲ್ಲೆಯದು. 2025ರ ಮೇ ತಿಂಗಳಲ್ಲಿ, ಹತ್ತು ಲಕ್ಷ ರೂಪಾಯಿ ಮೀರಿದ ವಂಚನೆಯಾದರೆ 1930ಕ್ಕೆ ಕೊಟ್ಟ ದೂರೇ ತಾನಾಗಿ ಎಫ್‌ಐಆರ್ ಆಗುವ ವ್ಯವಸ್ಥೆ ಪ್ರಾಯೋಗಿಕವಾಗಿ ಶುರುವಾದದ್ದೂ ದೆಹಲಿಯಲ್ಲೇ.