ಬಂದವರ ತಲೆಲೆಕ್ಕ

ಬೆಂಗಳೂರಿನಿಂದ ಟೋಕಿಯೊಗೆ ಹೋಗಿಬರುವ ವಿಮಾನದ ಟಿಕೆಟ್ ದರವನ್ನು ಬಿಡಿಸಿ ನೋಡಿದರೆ ತೆರಿಗೆಗಳ ನಡುವೆ ಒಂದು ಸಣ್ಣ ಬಾಬ್ತು ಸಿಗುತ್ತದೆ. ಜಪಾನ್ ಬಿಟ್ಟು ಹೊರಡುವವರು ಕಟ್ಟಬೇಕಾದ ಪ್ರವಾಸಿ ತೆರಿಗೆ ಅದು. 2019ರ ಜನವರಿ 7ರಂದು ಜಾರಿಗೆ ಬಂದಾಗ ತಲೆಗೆ 1000 ಯೆನ್ ಇತ್ತು. ವಿದೇಶಕ್ಕೆ ಹೊರಟ ಜಪಾನೀಯರಿಗೂ ಬಿಡುಗಡೆಯಿಲ್ಲ. ಎರಡು ವರ್ಷದೊಳಗಿನ ಕೂಸುಗಳಿಗೆ ಮಾಫಿ. ಹೀಗೆ ಕೂಡಿದ ಹಣದಲ್ಲಿ ಒಂದು ಪಾಲು ‘ನಮ್ಮ ದೇಶಕ್ಕೆ ಬನ್ನಿ’ ಎಂಬ ಪ್ರಚಾರಕ್ಕೆ ಹೋಗುತ್ತದೆ. ನಿನ್ನೆ ಬಂದು ಹೋದವರ ಖರ್ಚಿನಲ್ಲಿ ನಾಳೆ ಬರುವವರಿಗೆ ಆಹ್ವಾನ. ಜಾಣ ಲೆಕ್ಕಾಚಾರವೇ ಸರಿ.

ಕರೆಯುವ ಕೆಲಸ ಜಪಾನ್ ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆಯದು. ಟೋಕಿಯೊ ಒಲಿಂಪಿಕ್ಸ್ ನಡೆದ 1964ರಲ್ಲಿ ಹುಟ್ಟಿದ್ದು. ಇದು ಟಿಕೆಟ್ ಮಾರುವುದಿಲ್ಲ, ಹೋಟೆಲ್ ನಡೆಸುವುದಿಲ್ಲ. ಪರದೇಶಗಳಲ್ಲಿ ಕಚೇರಿ ತೆರೆದು, ಟ್ರಾವೆಲ್ ಏಜೆಂಟರನ್ನೂ ಪತ್ರಕರ್ತರನ್ನೂ ಕರೆಸಿ ದೇಶ ತೋರಿಸುತ್ತದೆ, ಮೇಳಗಳಲ್ಲಿ ಮಳಿಗೆ ಹಾಕುತ್ತದೆ, ಬಂದವರೆಷ್ಟು ಎಂದು ತಿಂಗಳು ತಿಂಗಳೂ ಲೆಕ್ಕ ಒಪ್ಪಿಸುತ್ತದೆ. ಇದಕ್ಕೂ ಮುಂಚೆ, 1893ರಲ್ಲೇ, ವಿದೇಶಿ ಅತಿಥಿಗಳ ಸತ್ಕಾರಕ್ಕೆಂದು ‘ಕಿಹಿಂಕಾಯ್’ ಎಂಬ ಸಂಘ ಕಟ್ಟಿದವರಲ್ಲಿ ಉದ್ಯಮಿ ಶಿಬುಸಾವಾ ಎಯಿಚಿ ಮುಖ್ಯರು. 2024ರಿಂದ 10,000 ಯೆನ್ ನೋಟಿನ ಮೇಲೆ ಇರುವುದು ಅವರದೇ ಮುಖ. ಪ್ರವಾಸಿಗರು ಕ್ಯೋಟೊದ ಅಂಗಡಿಗಳಲ್ಲಿ ದಿನವೂ ಚಿಲ್ಲರೆ ಮಾಡಿಸುವ ನೋಟು!

ಆದರೆ ಸರ್ಕಾರದ ಮನಸ್ಸು ಸದಾ ಇದೇ ದಿಕ್ಕಿನಲ್ಲಿ ಇರಲಿಲ್ಲ. 1987ರಲ್ಲಿ ಅದು ಹಾಕಿಕೊಂಡ ಗುರಿ ಇದಕ್ಕೆ ತದ್ವಿರುದ್ಧ: ಐದು ವರ್ಷದಲ್ಲಿ ವರ್ಷಕ್ಕೆ ಒಂದು ಕೋಟಿ ಜಪಾನೀಯರು ಹೊರದೇಶ ಸುತ್ತಬೇಕು. ರಫ್ತಿನಿಂದ ಡಾಲರ್ ತುಂಬಿ ತುಳುಕುತ್ತಿತ್ತು, ಅಮೆರಿಕ ಸಿಡುಕುತ್ತಿತ್ತು. ನಮ್ಮವರು ಹೊರಗೆ ಹೋಗಿ ಒಂದಿಷ್ಟು ಖರ್ಚು ಮಾಡಲಿ ಎಂಬುದು ಲೆಕ್ಕ. ಗುರಿ 1990ಕ್ಕೇ ಮುಟ್ಟಿತು. ಅಷ್ಟರಲ್ಲಿ ಆರ್ಥಿಕತೆಯ ಗುಳ್ಳೆ ಒಡೆಯಿತು. 2002ರಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜಪಾನೀಯರು ಹೊರಗೆ ಹೋದರೆ, ಒಳಗೆ ಬಂದ ವಿದೇಶಿಯರು ಬರೀ 52 ಲಕ್ಷ. ಮರುವರ್ಷ ಪ್ರಧಾನಿ ಕೊಯಿಜುಮಿ 2010ಕ್ಕೆ ಒಂದು ಕೋಟಿ ಜನರನ್ನು ತರುತ್ತೇವೆ ಎಂದು ಘೋಷಿಸಿದರು, ಪ್ರಚಾರದ ಚಿತ್ರದಲ್ಲಿ ತಾವೇ ಕಾಣಿಸಿಕೊಂಡರು. 2010ರಲ್ಲಿ ಬಂದವರು 86 ಲಕ್ಷ. 2011ರ ಭೂಕಂಪ, ಸುನಾಮಿ ಅದನ್ನೂ 62 ಲಕ್ಷಕ್ಕೆ ಇಳಿಸಿತು.

ಕೋಟಿ ದಾಟಿದ್ದು 2013ರಲ್ಲಿ. ಕಾರಣ ಪೋಸ್ಟರುಗಳಷ್ಟೇ ಎಂದರೆ ನಾನು ನಂಬುವುದಿಲ್ಲ. ಯೆನ್ ಅಗ್ಗವಾಗಿತ್ತು, ಥಾಯ್ಲೆಂಡ್, ಮಲೇಷ್ಯಾದವರಿಗೆ ವೀಸಾ ಬೇಡವಾಗಿತ್ತು, ಕಡಿಮೆ ದರದ ವಿಮಾನಗಳು ಹೆಚ್ಚಿದ್ದವು. ಎರಡೇ ವರ್ಷದಲ್ಲಿ ಸಂಖ್ಯೆ 2 ಕೋಟಿಯ ಹೊಸ್ತಿಲಿಗೆ ಬಂತು. 2020ಕ್ಕೆಂದು ಇಟ್ಟಿದ್ದ 2 ಕೋಟಿಯ ಗುರಿ ಹಳಸಲಾಯಿತು. 2016ರಲ್ಲಿ ಸರ್ಕಾರ ಅದನ್ನು ಇಮ್ಮಡಿಸಿತು: 2020ಕ್ಕೆ 4 ಕೋಟಿ ಜನ, 8 ಲಕ್ಷ ಕೋಟಿ ಯೆನ್ ವೆಚ್ಚ, 2030ಕ್ಕೆ 6 ಕೋಟಿ ಜನ, 15 ಲಕ್ಷ ಕೋಟಿ ಯೆನ್. 2020ರಲ್ಲಿ ಕೋವಿಡ್ ಬಂದು, ಒಟ್ಟು ಬಂದವರು 41 ಲಕ್ಷ. ನಾಲ್ಕು ವರ್ಷ ತಡವಾಗಿ, 2024ರಲ್ಲಿ, ಹಣದ ಗುರಿ ಈಡೇರಿತು. ಆ ವರ್ಷ ಬಂದವರು 3.69 ಕೋಟಿ.

ಈ ಕೋಟಿಗಳು ನೆಲದ ಮೇಲೆ ಹೇಗಿರುತ್ತವೆ ಎಂಬುದನ್ನು ಫುಜಿ ಪರ್ವತದ ಬುಡದ ಫುಜಿಕಾವಾಗುಚಿಕೊ ಪಟ್ಟಣ ಕಂಡಿತು. ಅಲ್ಲಿನ ಲಾಸನ್ ಅಂಗಡಿಯ ಛಾವಣಿಯ ಮೇಲೆ ಪರ್ವತ ಕೂತಂತೆ ಕಾಣುವ ಒಂದು ಕೋನವಿದೆ. ಆ ಫೋಟೊಗಾಗಿ ಜನ ವಾಹನಗಳಿಗೆ ಅಡ್ಡ ನುಗ್ಗಿ ರಸ್ತೆ ದಾಟಿದರು, ಎದುರಿನ ದಂತವೈದ್ಯರ ಜಾಗಕ್ಕೆ ಕಾಲಿಟ್ಟರು, ಕಸ ಚೆಲ್ಲಿದರು. 2024ರ ಮೇ ತಿಂಗಳಲ್ಲಿ ಪುರಾಡಳಿತ 20 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಕಪ್ಪು ಪರದೆ ಕಟ್ಟಿತು. ಕ್ಯಾಮೆರಾ ತೂರಿಸಲು ಕೆಲವೇ ದಿನಗಳಲ್ಲಿ ಅದಕ್ಕೆ ತೂತುಗಳು ಬಿದ್ದವು! ದೇಶವನ್ನು ತೋರಿಸಲು ಒಂದು ಸಂಸ್ಥೆ, ಪರ್ವತವನ್ನು ಮರೆಮಾಚಲು ಒಂದು ಪುರಾಡಳಿತ.

ಹಾಗೆಂದು ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. 2023ರ ಯೋಜನೆಯಲ್ಲಿ ತಲೆ ಎಣಿಕೆಯ ಬದಲು ಪ್ರತಿ ಪ್ರವಾಸಿ ಎಷ್ಟು ಖರ್ಚು ಮಾಡುತ್ತಾನೆ, ದೊಡ್ಡ ನಗರಗಳ ಆಚೆ ಎಷ್ಟು ರಾತ್ರಿ ತಂಗುತ್ತಾನೆ ಎಂಬುದಕ್ಕೆ ಒತ್ತು ಬಂತು. ತಲಾ 2 ಲಕ್ಷ ಯೆನ್ ವೆಚ್ಚದ ಗುರಿ ಬೇಗನೆ ಮುಟ್ಟಿತು. ಅಗ್ಗದ ಯೆನ್ ಇದ್ದಾಗ ಅದೇನು ಕಷ್ಟವಲ್ಲ. ಟೋಕಿಯೊ, ಒಸಾಕಾ, ಕ್ಯೋಟೊಗಳಿಂದ ಜನರನ್ನು ಆಚೆ ಕಳಿಸುವುದೇ ಕಷ್ಟ.

ಪ್ರವಾಸೋದ್ಯಮ ಸಂಸ್ಥೆಯ ದೆಹಲಿ ಕಚೇರಿ 2017ರಲ್ಲಿ ತೆರೆಯಿತು. 2024ರಲ್ಲಿ ಭಾರತದಿಂದ ಹೋದವರು 2 ಲಕ್ಷ ದಾಟಿದರು. ಚೆರಿ ಹೂವಿನ ಕಾಲಕ್ಕೆ ಹೋಗುವ ನೂಕುನುಗ್ಗಲು ನಮ್ಮವರಲ್ಲೂ ಇದೆ. ನನ್ನನ್ನು ಕೇಳಿದರೆ ಆ ಕಚೇರಿ ಇನ್ನು ಚೆರಿ ಮರದ ಚಿತ್ರ ಅಚ್ಚುಹಾಕಿಸುವ ಖರ್ಚು ಉಳಿಸಿ, ನವೆಂಬರಿನ ತೊಹೊಕು, ಶಿಕೊಕು ಪ್ರದೇಶಗಳಿಗೆ ಹೋಗುವ ರೈಲಿನ ವೇಳಾಪಟ್ಟಿ ಹಂಚಬಹುದು.