ಕಂಬ ಒಬ್ಬರ ಹೊಲದಲ್ಲಿ, ಗಾಳಿ ನೂರೆಕರೆಯಲ್ಲಿ

ಗದಗ, ಕೊಪ್ಪಳ, ಚಿತ್ರದುರ್ಗದ ಬಯಲಿನಲ್ಲಿ ಜನ ‘ಫ್ಯಾನು’ ಎಂದು ಕರೆಯುವ ಗಾಳಿಯಂತ್ರ ನಿಲ್ಲಲು ಹೆಚ್ಚು ಜಾಗ ಬೇಡ. ಬುಡದ ಕಾಂಕ್ರೀಟು, ಪಕ್ಕದ ಟ್ರಾನ್ಸ್‌ಫಾರ್ಮರ್, ಕ್ರೇನ್ ನಿಲ್ಲುವ ಗಟ್ಟಿ ನೆಲ, ಬಂದುಹೋಗಲು ಒಂದು ದಾರಿ, ಇಷ್ಟೇ. ಸುತ್ತಲಿನ ಹೊಲದಲ್ಲಿ ಕಡಲೆ, ಬಿಳಿಜೋಳ ಎಂದಿನಂತೆ ಬೆಳೆಯಬಹುದು. ಪವನ ವಿದ್ಯುತ್ತಿನ ಪರವಾಗಿ ಹೇಳುವ ಮಾತುಗಳಲ್ಲಿ ಇದು ಬಲವಾದದ್ದು, ನಿಜವೂ ಹೌದು. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2009ರಲ್ಲಿ ಅಲ್ಲಿನ ಯೋಜನೆಗಳ ಲೆಕ್ಕ ಹಾಕಿದಾಗ, ಒಂದು ಮೆಗಾವ್ಯಾಟ್‌ಗೆ ಕಾಯಂ ಆಗಿ ಹೋಗುವ ನೆಲ ಸರಾಸರಿ ಒಂದು ಎಕರೆಗಿಂತ ಕಡಿಮೆ ಎಂದು ಕಂಡುಬಂತು. ಆದರೆ ಅದೇ ವರದಿಯ ಪ್ರಕಾರ ಯೋಜನೆಯ ಒಟ್ಟು ಹರವು ಮೆಗಾವ್ಯಾಟ್‌ಗೆ ಸರಾಸರಿ 34 ಹೆಕ್ಟೇರ್, ಅಂದರೆ ಸುಮಾರು 84 ಎಕರೆ. ಈ ಎರಡು ಅಂಕಿಗಳ ನಡುವಿನ ನೆಲದ ಬಗ್ಗೆಯೇ ನನ್ನ ತಕರಾರು. ಯಂತ್ರ ಬಳಸುವುದು ದೊಡ್ಡ ನೆಲದ ಗಾಳಿಯನ್ನು, ಹಣ ಸಿಗುವುದು ಸಣ್ಣ ನೆಲದವರಿಗೆ.

ಇಷ್ಟು ಹರವು ಯಾಕೆ ಬೇಕು ಎಂಬುದನ್ನು ಯಂತ್ರದ ಕೆಲಸವೇ ಹೇಳುತ್ತದೆ. ಬೀಸುವ ಗಾಳಿಯ ಶಕ್ತಿಯನ್ನೆಲ್ಲ ಯಾವ ಯಂತ್ರವೂ ಹೀರಲಾರದು. ಹೀರಿದರೆ ರೆಕ್ಕೆಗಳ ಹಿಂದೆ ಗಾಳಿ ನಿಂತೇ ಹೋಗಿ, ಮುಂದಿನಿಂದ ಬರುವ ಗಾಳಿಗೆ ದಾರಿ ಇರುವುದಿಲ್ಲ. ಜರ್ಮನಿಯ ಭೌತವಿಜ್ಞಾನಿ ಆಲ್ಬರ್ಟ್ ಬೆಟ್ಸ್ ನೂರು ವರ್ಷದ ಹಿಂದೆಯೇ ಈ ಮಿತಿಯನ್ನು ಲೆಕ್ಕ ಹಾಕಿ ತೋರಿಸಿದ್ದ: ಹೆಚ್ಚೆಂದರೆ ಶೇ 59.3. ಹೀಗೆ ಶಕ್ತಿ ಕಳೆದುಕೊಂಡ ಗಾಳಿ ಯಂತ್ರದ ಹಿಂದೆ ನಿಧಾನವಾಗಿ, ಸುಳಿಸುಳಿಯಾಗಿ ಬಹುದೂರ ಸಾಗುತ್ತದೆ. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುವುದರಿಂದ, ಆ ಬಳಲಿದ ಗಾಳಿಯಲ್ಲಿ ಇನ್ನೊಂದು ಯಂತ್ರ ನಿಲ್ಲಿಸಿದರೆ ನಷ್ಟ. ಹಾಗಾಗಿ ಅಡ್ಡಕ್ಕೆ ರೆಕ್ಕೆಚಕ್ರದ ವ್ಯಾಸದ ಐದು ಪಟ್ಟು, ಗಾಳಿ ಸಾಗುವ ದಿಕ್ಕಿಗೆ ಏಳು ಪಟ್ಟು ಅಂತರ ಬಿಡುವ ರೂಢಿ ನಮ್ಮಲ್ಲಿ ಬಂದಿದೆ. ಚಕ್ರದ ವ್ಯಾಸ 120 ಮೀಟರ್ ಇದ್ದರೆ ಒಂದು ಯಂತ್ರದ ಪಾಲಿಗೆ 600 ಮೀಟರ್ ಅಗಲ, 840 ಮೀಟರ್ ಉದ್ದದ ನೆಲ ಬರುತ್ತದೆ. ಅದು ಸುಮಾರು 125 ಎಕರೆ. ಹಿಡುವಳಿಗಳು ತುಂಡುತುಂಡಾದ ನಮ್ಮ ಕಡೆ ಇಷ್ಟು ನೆಲವೆಂದರೆ ಹತ್ತಾರು ಪಹಣಿಗಳು.

ಈ ಹರವು ಬರೀ ಕಾಗದದ ಮೇಲಿನದಲ್ಲ ಎಂಬುದಕ್ಕೆ ಒಂದು ಓತಿಕ್ಯಾತ ಸಾಕ್ಷಿಯಿದೆ. ಮಹಾರಾಷ್ಟ್ರದ ಸಾತಾರಾ ಸಮೀಪದ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಗಾಳಿಯಂತ್ರಗಳು ಎರಡು ದಶಕದಷ್ಟು ಹಳೆಯವು. ಅಲ್ಲಿನ ಕಲ್ಲುಗಳ ಮೇಲೆ ಗಂಡು ಓತಿಕ್ಯಾತಗಳು ಗಂಟಲ ಕೆಳಗಿನ ನೀಲಿ, ಕಪ್ಪು, ಕಿತ್ತಳೆ ಬಣ್ಣದ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಹೆಣ್ಣನ್ನು ಕರೆಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಯಂತ್ರಗಳಿರುವ ಕಡೆಗಿಂತ ಇಲ್ಲದ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಹೆಚ್ಚು. ಹದ್ದು, ಗಿಡುಗಗಳ ಕಾಟ ತಪ್ಪಿದ ಯಂತ್ರಗಳ ನಡುವೆ ಓತಿಕ್ಯಾತಗಳು ಹೆಚ್ಚಿವೆ, ಮನುಷ್ಯ ಹತ್ತಿರ ಬಂದರೂ ಬೇಗ ಓಡುವುದಿಲ್ಲ. ಆದರೆ ಇರುವ ಆಹಾರಕ್ಕೆ ಬಾಯಿ ಹೆಚ್ಚಾಗಿ ಅವು ಬಡಕಲಾಗಿವೆ. ಯಂತ್ರದ ಬುಡವನ್ನಷ್ಟೇ ಅಳೆಯುವ ಲೆಕ್ಕಕ್ಕೆ ಇದು ಯಾವುದೂ ಸಿಗುವುದಿಲ್ಲ. ಬದಲಾವಣೆ ಆಕಾಶದಲ್ಲಿ ಶುರುವಾಗಿ ಕಲ್ಲಿನ ಸಂದಿಗೆ ಇಳಿದಿದೆ.

ಈ ಯಂತ್ರಗಳು ಮೋಡ ಓಡಿಸುತ್ತವೆ, ಮಳೆ ತಪ್ಪಿಸುತ್ತವೆ ಎಂಬ ಮಾತು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ರೆಕ್ಕೆಯ ತುದಿ ಮುಟ್ಟುವ ಎತ್ತರ ಹೆಚ್ಚೆಂದರೆ ಇನ್ನೂರು ಮೀಟರ್ ಆಸುಪಾಸು, ಮಳೆ ಮೋಡಗಳು ಕಟ್ಟಿಕೊಳ್ಳುವುದು ಅದಕ್ಕಿಂತ ಬಹಳ ಮೇಲೆ. ಈ ಬಯಲಿನಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು ಇರುವುದಕ್ಕೆ ಕಾರಣ ಬೇರೆ. ಪಶ್ಚಿಮ ಘಟ್ಟ ಮುಂಗಾರಿನ ನೀರನ್ನು ಹಿಂಡಿಕೊಂಡ ಮೇಲೆ ಉಳಿದ ಗಾಳಿ ಇತ್ತ ಬೀಸುತ್ತದೆ. ಬಯಲಿಗೆ ಮರಗಳ ತಡೆಯೂ ಇಲ್ಲ. ಕಂಪನಿಗಳು ಬಂದದ್ದು ಅಂಥ ಜಾಗವನ್ನೇ ಹುಡುಕಿಕೊಂಡು. ಬರ ಮೊದಲೇ ಇತ್ತು. ಹಾಗೆಂದು ಯಂತ್ರ ಗಾಳಿಗೆ ಏನೂ ಮಾಡುವುದಿಲ್ಲವೆಂದು ರೈತರ ಅನುಮಾನವನ್ನು ತಳ್ಳಿಹಾಕುವುದೂ ತಪ್ಪು. ಅಮೆರಿಕದ ಟೆಕ್ಸಸ್‌ನಲ್ಲಿ ಉಪಗ್ರಹದ ಮಾಹಿತಿ ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನ, ಯಂತ್ರಗಳಿರುವ ಪ್ರದೇಶದ ನೆಲ ರಾತ್ರಿ ಹೊತ್ತು ಸುತ್ತಲಿಗಿಂತ ತುಸು ಬೆಚ್ಚಗಾದದ್ದನ್ನು ತೋರಿಸಿತು. ರಾತ್ರಿ ತಣ್ಣಗಿನ ಗಾಳಿ ನೆಲಕ್ಕಂಟಿ ಕೂರುತ್ತದೆ, ರೆಕ್ಕೆಗಳು ಮೇಲಿನ ಬೆಚ್ಚನೆ ಗಾಳಿಯನ್ನು ಕೆಳಗೆಳೆದು ಅದರ ಜೊತೆ ಬೆರೆಸುತ್ತವೆ.

ನೆಲದ ಮೇಲೆ ಕಣ್ಣಿಗೆ ಕಾಣುವ ದೊಡ್ಡ ಬದಲಾವಣೆ ಕಂಬಕ್ಕಿಂತ ರಸ್ತೆಯದು. ಐವತ್ತು–ಅರವತ್ತು ಮೀಟರ್ ಉದ್ದದ ರೆಕ್ಕೆ ತಿರುವಿನಲ್ಲಿ ಹೊರಳಲು ಬದು ಒಡೆದು ಜಾಗ ಮಾಡಬೇಕು. ಭಾರಿ ಕ್ರೇನ್ ಎರೆ ಮಣ್ಣಿನಲ್ಲಿ ಹೂತುಹೋಗದಿರಲು ಗರಸು ಹಾಕಿ ದಾರಿಯನ್ನು ಎತ್ತರಿಸಬೇಕು. ಎತ್ತರಿಸಿದ ದಾರಿ ಇಳಿಜಾರಿಗೆ ಅಡ್ಡ ಬಂದು, ಅಡಿಯಲ್ಲಿ ಸಾಕಷ್ಟು ಪೈಪು ಹಾಕದಿದ್ದರೆ, ಮೇಲಿನ ಹೊಲದಲ್ಲಿ ನೀರು ನಿಂತು ಬೆಳೆ ಕೊಳೆಯುತ್ತದೆ, ಕೆಳಗಿನ ಹೊಲಕ್ಕೆ ಹಸಿ ಸಾಲದಾಗುತ್ತದೆ. ಒಮ್ಮೆ ಭಾರಕ್ಕೆ ಒತ್ತಿ ಗಟ್ಟಿಯಾದ ಎರೆ ನೆಲ ಮತ್ತೆ ಕುಂಟೆಗೆ ಸುಲಭವಾಗಿ ಬಗ್ಗದು. ಸದ್ದು ಮತ್ತು ನೆರಳಿನ ವಿಷಯ ಇಷ್ಟು ತೊಡಕಿನದಲ್ಲ: ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಮನೆಗಳಿಂದ 500 ಮೀಟರ್ ದೂರ ಇರಬೇಕೆನ್ನುತ್ತದೆ, ಪಾಲಿಸಿದರೆ ಬಹುಪಾಲು ಸಾಕು.

ಹಣದ ಲೆಕ್ಕಕ್ಕೆ ಬರೋಣ. ಎರಡು ಮೆಗಾವ್ಯಾಟ್ ಯಂತ್ರ ವರ್ಷವಿಡೀ ಸರಾಸರಿ ತನ್ನ ಸಾಮರ್ಥ್ಯದ ಶೇ 30ರಷ್ಟು ದುಡಿದರೆ 52 ಲಕ್ಷ ಯೂನಿಟ್ ದಾಟುತ್ತದೆ. ಯೂನಿಟ್ಟಿಗೆ 3 ರೂಪಾಯಿ ಹಿಡಿದರೂ ಒಂದೂವರೆ ಕೋಟಿ ಮೀರಿದ ಹುಟ್ಟುವಳಿ. ಕಂಬದ ಜಾಗ ಮಾರಿದವರಿಗೆ ಸಿಗುವುದು ಒಂದೇ ಬಾರಿಯ ಹಣ, ಪಕ್ಕದ ಹೊಲದವರಿಗೆ ಅದೂ ಇಲ್ಲ. ಜಾಗ ಮಾರಿದವರಿಗೆ ಒಳ್ಳೆಯ ಬೆಲೆಯೇ ಸಿಕ್ಕಿರುತ್ತದೆ, ಪಕ್ಕದವರು ಏನನ್ನೂ ಕಳೆದುಕೊಂಡಿಲ್ಲವಲ್ಲ ಎನ್ನುವವರಿದ್ದಾರೆ. ಕಳೆದುಕೊಂಡಿದ್ದಾರೆ. ಆ 125 ಎಕರೆಯೊಳಗೆ ಇನ್ನೊಂದು ಯಂತ್ರ ಬರುವುದಿಲ್ಲ, ತಮ್ಮ ಹೊಲದ ಮೇಲಿನ ಗಾಳಿಯನ್ನು ಇನ್ನು ಅವರು ಯಾರಿಗೂ ಕೊಡಲಾರರು. ಹಂಚಲು ಹೊರಟರೆ ವಿದ್ಯುತ್ ತುಟ್ಟಿಯಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಹುಟ್ಟುವಳಿಯ ಶೇ 1ರಷ್ಟನ್ನು ಹಂಚಿದರೆ ಯೂನಿಟ್ಟಿಗೆ ಬೀಳುವ ಹೊರೆ 3 ಪೈಸೆ. ಎಕರೆಗೆ ವರ್ಷಕ್ಕೆ ಸಿಗುವುದು ಸುಮಾರು 1,250 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಮಳೆ ಕೈಕೊಟ್ಟ ವರ್ಷವೂ ಬರುವ ಹಣ. ಜರ್ಮನಿಯ ಕಾನೂನು ಯಂತ್ರದ ಎರಡೂವರೆ ಕಿಲೋಮೀಟರ್ ಸುತ್ತಲಿನ ಸ್ಥಳೀಯ ಆಡಳಿತಗಳಿಗೆ ಯೂನಿಟ್ಟಿಗೆ 0.2 ಯೂರೋ ಸೆಂಟ್, ನಮ್ಮ ಲೆಕ್ಕದಲ್ಲಿ 20 ಪೈಸೆಯ ಆಸುಪಾಸು, ಕೊಡಲು ಅವಕಾಶ ಮಾಡಿದೆ. ಅಷ್ಟು ದೂರ ಹೋಗುವುದೂ ಬೇಡ: ಪಾವಗಡದ ಸೋಲಾರ್ ಪಾರ್ಕಿನಲ್ಲಿ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರುವ ಬಾಡಿಗೆಗೆ ಕೊಟ್ಟರು. ಅಲ್ಲಿ ಕೂಲಿಯವರ ಕೆಲಸ ಹೋಯಿತೆಂಬ ದೂರು ನ್ಯಾಯವಾದದ್ದೇ, ಆದರೆ ವರ್ಷವರ್ಷ ಹಣ ಹಂಚುವುದು ಆಗದ ಕೆಲಸ ಎನ್ನುವ ವಾದ ಅಲ್ಲಿಗೆ ಬಿದ್ದುಹೋಗುತ್ತದೆ.

ಈ ಮಾತಿಗೆ ಈಗ ಅವಸರವಿದೆ. ಗಾಳಿಯಂತ್ರದ ಆಯುಸ್ಸು ಇಪ್ಪತ್ತು–ಇಪ್ಪತ್ತೈದು ವರ್ಷ. ಹಳೆಯ ಸಣ್ಣ ಯಂತ್ರಗಳನ್ನು ಕಿತ್ತು ಅದೇ ಜಾಗದಲ್ಲಿ ದೊಡ್ಡವನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2016ರಲ್ಲೇ ನೀತಿ ತಂದು, 2023ರಲ್ಲಿ ಪರಿಷ್ಕರಿಸಿದೆ. ಚಕ್ರ ದೊಡ್ಡದಾದಷ್ಟೂ ಒಂದೊಂದು ಯಂತ್ರದ ಪಾಲಿನ ಹರವು ಹಿಗ್ಗುತ್ತದೆ, ಕಂಬಗಳು ಕಡಿಮೆಯಾಗುತ್ತವೆ. ಕಂಬಕ್ಕಷ್ಟೇ ಹಣವೆಂಬ ಪದ್ಧತಿ ಉಳಿದರೆ ಹಣ ಕಾಣುವವರು ಇನ್ನೂ ಕಡಿಮೆಯಾಗುತ್ತಾರೆ. ಹೊಸ ಕರಾರಿಗೆ ಹೆಬ್ಬೆಟ್ಟು ಒತ್ತುವ ಮೊದಲೇ ವರ್ಷದ ಪಾಲು ಎಷ್ಟು, ಎಷ್ಟು ಎಕರೆಗೆ, ರಸ್ತೆಯಡಿಯ ಪೈಪುಗಳನ್ನು ಯಾರು ಹಾಕಬೇಕು, ಯಂತ್ರ ನಿಂತ ಮೇಲೆ ನೆಲದೊಳಗಿನ ಕಾಂಕ್ರೀಟನ್ನು ಯಾರ ಖರ್ಚಿನಲ್ಲಿ ಒಡೆದು ತೆಗೆಯಬೇಕು ಎಂಬುದನ್ನು ಗ್ರಾಮಸಭೆಯ ಮುಂದೆ ಬರೆಸಿಕೊಳ್ಳಬೇಕು.